ಭೂಗೋಳದ ಮೇಷ್ಟ್ರ ಕಾಲ್ಚೆಂಡಿನ ಭವಿಷ್ಯ

ಮುಂದೆ ಏನಾಗುತ್ತದೆ ಎಂದು ಹೇಳುವವರಲ್ಲಿ ಎರಡು ಬಗೆ. ಒಳ್ಳೆಯದಾಗುತ್ತದೆ ಎಂದು ಹೇಳಿ, ಕೊಟ್ಟ ಕಾಫಿ ಕುಡಿದು, ಎಲೆಅಡಿಕೆ ಹಾಕಿಕೊಂಡು ಹೊರಡುವವರು ಒಂದು ಬಗೆ. ಕೆಟ್ಟದಾಗುತ್ತದೆ ಎಂದು ಹೇಳಿ, ಒಲೆಯ ಮೇಲೆ ಕಾಫಿಯ ನೀರು ಏರುವ ಮೊದಲೇ ಎದ್ದು ಹೋಗಬೇಕಾಗಿ ಬರುವವರು ಇನ್ನೊಂದು ಬಗೆ. ನಾನು ಎರಡನೆಯ ಬಗೆಯವನು. ಬಸ್ಸು ಹತ್ತಿದರೆ ಇದು ನಡುದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ ಅನ್ನಿಸುತ್ತದೆ. ಹೊಸ ಷರಟು ಹಾಕಿಕೊಂಡರೆ ಯಾವ ಮೊಳೆಗೆ ಸಿಕ್ಕಿ ಹರಿಯುತ್ತದೋ ಎಂದು ಗೋಡೆಯಿಂದ ಗೋಡೆಗೆ ಕಣ್ಣು ಹಾಯಿಸುತ್ತೇನೆ. ನನ್ನ ಮದುವೆಯ ದಿನ, ಓಲಗದವರು ಕೆನ್ನೆ ಉಬ್ಬಿಸಿ ಊದುತ್ತಿದ್ದಾಗ, ತಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಪಕ್ಕದಲ್ಲಿದ್ದ ಚಿಕ್ಕಪ್ಪನನ್ನು ಬಗ್ಗಿಸಿ, ಸಾರು ಸಾಕಾಗುತ್ತದೆಯೇ ಒಮ್ಮೆ ನೋಡಿಬನ್ನಿ ಎಂದವನು ನಾನು. ಸಾರಿನ ಗತಿ ಏನಾಯಿತೋ ಈಗ ನೆನಪಿಲ್ಲ. ನಾನು ಮುಖ ಊದಿಸಿಕೊಂಡು ಕೂತದ್ದು ಮಾತ್ರ ಫೋಟೋದಲ್ಲಿ ಉಳಿದಿದೆ. ಇಂಥ ನಾನು ಒಂದು ವರ್ಷ, ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಹೇಳಿಕೊಂಡಿದ್ದಾಗ, ಇಂಗ್ಲೆಂಡಿನಲ್ಲಿ ನಡೆಯಲಿದ್ದ ವಿಶ್ವಕಪ್ ಕಾಲ್ಚೆಂಡಿನ ಪಂದ್ಯಗಳಲ್ಲಿ ಯಾವ ದೇಶ ಗೆಲ್ಲುತ್ತದೆ, ಯಾವುದು ಸೋಲುತ್ತದೆ ಎಂದು ಪತ್ರಿಕೆಯಲ್ಲಿ ಬರೆದೆ. ಹದಿನಾರು ದೇಶ, ನಾಲ್ಕು ಕಂತು. ಆ ತಪ್ಪನ್ನು ಈಗ ಒಪ್ಪಿಕೊಳ್ಳುತ್ತಿದ್ದೇನೆ.

ಕಾಲ್ಚೆಂಡಿನಲ್ಲಿ ನನ್ನ ಅನುಭವ ಎಷ್ಟೆಂದು ಹೇಳಿಬಿಡುವುದು ಒಳ್ಳೆಯದು. ಹಾಸನದಲ್ಲಿ ಓದುತ್ತಿದ್ದಾಗ ಒಂದು ಸಂಜೆ ನಮ್ಮ ಹಾಸ್ಟೆಲಿನ ತಂಡಕ್ಕೆ ಒಬ್ಬ ಆಟಗಾರ ಕಡಿಮೆ ಬಿದ್ದ. ಕಿಟಕಿಯ ಹತ್ತಿರ ಕೂತು ಓದುತ್ತಿದ್ದ ನನ್ನನ್ನು ಎಳೆದುಕೊಂಡು ಹೋಗಿ ಮೈದಾನದಲ್ಲಿ ನಿಲ್ಲಿಸಿದರು. ಯಾರದೋ ಕ್ಯಾನ್ವಾಸ್ ಷೂ ಕಾಲಿಗೆ ಹಾಕಿದರು. ಅದು ಎರಡು ಅಂಗುಲ ದೊಡ್ಡದು. ಬಹಳ ಹೊತ್ತು ಚೆಂಡು ನನ್ನ ಕಡೆ ಬರಲಿಲ್ಲ. ಬಂದಾಗ ಕಣ್ಣು ಮುಚ್ಚಿಕೊಂಡು ಒದ್ದೆ. ಏನೋ ಹಾರಿಹೋದದ್ದು ಗೊತ್ತಾಯಿತು. ಕಣ್ಣು ಬಿಟ್ಟು ನೋಡಿದರೆ ಎದುರು ತಂಡದ ಗೋಲ್‌ಕೀಪರ್ ಷೂ ಹಿಡಿದುಕೊಂಡು ನಿಂತಿದ್ದ. ಚೆಂಡು ನನ್ನ ಮುಂದೆ ಇದ್ದಲ್ಲೇ ಇತ್ತು. ಆಮೇಲೆ ನಾನು ಆ ಆಟವನ್ನು ದೂರದಿಂದಲೂ ನೋಡಿದವನಲ್ಲ.

ಬರೆಯುವ ಪ್ರಸಂಗ ಹೇಗೆ ಬಂತೆಂದರೆ, ಬೇಸಿಗೆ ರಜೆಯಲ್ಲಿ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಹಾಸನಕ್ಕೆ ಹೋಗಿದ್ದೆ. ಅಲ್ಲಿ ನನಗೆ ಪರಿಚಯದ ಒಬ್ಬರು ವಾರಪತ್ರಿಕೆ ನಡೆಸುತ್ತಿದ್ದರು. ಸಂಪಾದಕರು, ಮುದ್ರಕರು, ಕರಡು ತಿದ್ದುವವರು, ಕಟ್ಟುಗಳನ್ನು ಬಸ್ಸಿಗೆ ಏರಿಸುವವರು ಎಲ್ಲವೂ ಅವರೇ. ಬೆಂಗಳೂರಿನ ಪತ್ರಿಕೆಗಳಲ್ಲೆಲ್ಲ ಈ ಪಂದ್ಯದ ಸುದ್ದಿ ಬರುತ್ತಿದೆ, ಹಾಸನ ಜಿಲ್ಲೆ ಹಿಂದೆ ಬೀಳಬಾರದು ಎಂದು ಅವರು ಹಟ ಹಿಡಿದಿದ್ದರು. ನನಗೆ ಆಟದ ಗಂಧವೇ ಇಲ್ಲ ಎಂದೆ. ಅದಕ್ಕವರು, ಜಿಲ್ಲೆಯಲ್ಲಿ ಯಾರಿಗೂ ಇಲ್ಲ, ನಿಮಗೆ ಆ ದೇಶಗಳು ಎಲ್ಲೆಲ್ಲಿವೆ ಎಂದಾದರೂ ಗೊತ್ತಲ್ಲ ಎಂದರು. ಈ ಮಾತಿಗೆ ಒಪ್ಪಿಕೊಂಡೆ. ಹೆಸರು ಅಚ್ಚಿನಲ್ಲಿ ಬರುತ್ತದೆ ಎಂಬ ಆಸೆಯೂ ಒಳಗೆ ಇತ್ತು. ಒಂದೇ ಒಂದು ನಿಬಂಧನೆ ಹಾಕಿದರು. ಅವರ ಪ್ರೆಸ್ಸಿನಲ್ಲಿ ‘ಫ’ ಅಕ್ಷರದ ಅಚ್ಚಿನ ಮೊಳೆಗಳು ಆರೇ ಆರು ಉಳಿದಿದ್ದವು. ಒಂದು ಕಂತಿನಲ್ಲಿ ಆರಕ್ಕಿಂತ ಹೆಚ್ಚು ಬಂದರೆ ಉಳಿದ ಕಡೆ ‘ಪ’ ಹಾಕಬೇಕಾಗುತ್ತದೆ ಎಂದರು. ಹೀಗಾಗಿ ನಾನು ಫುಟ್‌ಬಾಲ್ ಎನ್ನದೆ ಮೊದಲಿನಿಂದ ಕೊನೆಯವರೆಗೆ ಕಾಲ್ಚೆಂಡು ಎಂದೇ ಬರೆದೆ. ಓದಿದವರು ಎಷ್ಟು ಅಚ್ಚಗನ್ನಡ ಎಂದು ಹೊಗಳಿದರು.

ಬರೆದದ್ದು ಹೇಗೆ ಎಂದು ಕೇಳಬೇಡಿ. ಒಂಬತ್ತನೆಯ ತರಗತಿಯ ಭೂಗೋಳದ ಪುಸ್ತಕ, ಗೋಡೆಗೆ ತೂಗುಹಾಕುವ ಭೂಪಟ, ಇವೆರಡೇ ನನ್ನ ಆಧಾರ. ಇಟಲಿ ಭೂಪಟದಲ್ಲೇ ಬೂಟಿನ ಆಕಾರದಲ್ಲಿದೆ, ಅದರ ಮೂತಿಗೆ ಸಿಸಿಲಿ ದ್ವೀಪ ಚೆಂಡಿನಂತೆ ಬಿದ್ದಿದೆ. ಪ್ರಕೃತಿಯೇ ಒದೆಯಲು ನಿಲ್ಲಿಸಿದ ದೇಶ. ಆದ್ದರಿಂದ ಗೆಲುವು ಇಟಲಿಯದೇ ಎಂದೆ. ಸ್ವಿಟ್ಜರ್ಲೆಂಡಿನವರು ಹಾಲು ಬೆಣ್ಣೆ ತಿಂದು ಬೆಟ್ಟ ಹತ್ತುವವರು, ಕಡೆಯವರೆಗೂ ಉಳಿಯುತ್ತಾರೆ. ಚಿಲಿ ಅಗಲವಿಲ್ಲದ ಉದ್ದನೆಯ ದೇಶ. ಅಲ್ಲಿಯವರಿಗೆ ಅಕ್ಕಪಕ್ಕ ನೋಡದೆ ನೇರವಾಗಿ ಓಡಿ ರೂಢಿ. ಬ್ರೆಜಿಲ್ ಆಗಲೇ ಎರಡು ಸಲ ಗೆದ್ದಿತ್ತು, ಅದು ಹೇಗೋ ನನಗೂ ಗೊತ್ತಿತ್ತು. ಜೊತೆಗೆ ಅವರೂ ನಮ್ಮ ಜಿಲ್ಲೆಯಂತೆ ಕಾಫಿ ಬೆಳೆಯುವವರಾದ್ದರಿಂದ ಧಾರಾಳವಾಗಿ ಹೊಗಳಿದೆ. ಇನ್ನು ಸೋಲುವವರ ಪಟ್ಟಿ. ಇಂಗ್ಲೆಂಡಿನವರು ಆತಿಥ್ಯ ಮಾಡುವವರು, ಬಂದವರಿಗೆ ಬಡಿಸುವುದರಲ್ಲೇ ಸುಸ್ತಾಗುತ್ತಾರೆ. ಪಶ್ಚಿಮ ಜರ್ಮನಿ ಅರ್ಧ ದೇಶ, ಆಟವೂ ಅರ್ಧವೇ. ರಷ್ಯಾ ವಿಪರೀತ ದೊಡ್ಡದು, ಆಟಗಾರರೆಲ್ಲ ಒಂದು ಕಡೆ ಸೇರುವ ಹೊತ್ತಿಗೆ ಪಂದ್ಯ ಮುಗಿದಿರುತ್ತದೆ. ಪೋರ್ಚುಗಲ್ಲಿನವರು ಹಡಗಿನ ಜನ, ಅವರಿಗೆ ನೆಲದ ಮೇಲೆ ಕಾಲು ನಿಲ್ಲುವುದಿಲ್ಲ. ಗೋವಾ ಬಿಟ್ಟುಹೋದ ಮೇಲಂತೂ ಉತ್ಸಾಹ ಉಡುಗಿದೆ. ಈ ನಾಲ್ಕು ದೇಶಗಳನ್ನು ನಾನು ಮೊದಲೇ ಊರಿಗೆ ಕಳಿಸಿಬಿಟ್ಟೆ.

ಇದನ್ನೆಲ್ಲ ಜನ ನಂಬಿದ್ದೇ ಆಶ್ಚರ್ಯ. ಕ್ಷೌರದ ಅಂಗಡಿಯಲ್ಲಿ ನನಗೆ ಮೊದಲ ಸರದಿ ಸಿಗತೊಡಗಿತು. ನಾಮಕರಣಕ್ಕೆಂದು ಚನ್ನರಾಯಪಟ್ಟಣಕ್ಕೆ ಹೋದಾಗ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಪಕ್ಕದಲ್ಲಿ ಕೂತ ಕಂಡಕ್ಟರೊಬ್ಬ ನನ್ನ ಗುರುತು ಹಿಡಿದ. “ಸಾ, ಎಲ್ಲಾ ದೇಸಾನೂ ಬರದ್ರಿ. ನಮ್ದ್ಯಾಕ್ ಬರೀನಿಲ್ಲ?” ಎಂದ. ನಮ್ಮ ದೇಶ ಈ ಪಂದ್ಯದಲ್ಲಿ ಆಡುತ್ತಿಲ್ಲ ಎಂದೆ. “ಯಾಕ್ ಸಾ, ನಮ್ಗೇನ್ ಕಾಲಿಲ್ವಾ?” ಎಂದ. ಅದು ತಮಾಷೆಯ ಪ್ರಶ್ನೆಯಾಗಿರಲಿಲ್ಲ; ನಿಜವಾಗಿಯೂ ಬೇಜಾರಾಗಿತ್ತು ಅವನಿಗೆ. ಆ ವರ್ಷ ಅಕ್ಕಿಗೆ ಬರ ಬಂದು, ನಮ್ಮ ಮುಂದೆ ಇದ್ದ ತಟ್ಟೆಗಳಲ್ಲಿ ಗೋಧಿ ರವೆಯ ಇಡ್ಲಿ ಇತ್ತು. ಅವನು ತನ್ನ ಇಡ್ಲಿ ಮುಗಿಸಿ, ಮುಂದಿನ ಸಲವಾದರೂ ನಮ್ಮದನ್ನು ಸೇರಿಸಿ ಎಂದು, ಅದೇನೋ ನನ್ನ ಕೈಯಲ್ಲಿರುವಂತೆ ಹೇಳಿ ಎದ್ದುಹೋದ.

ಆದರೆ ಇಷ್ಟರಲ್ಲೆಲ್ಲ ನಾನು ಒಬ್ಬರ ವಿಷಯ ಹೇಳದೆ ತಪ್ಪಿಸಿಕೊಳ್ಳುತ್ತಿದ್ದೇನೆ. ಆಗಲೂ ತಪ್ಪಿಸಿಕೊಂಡೇ ಇದ್ದೆ. ನನ್ನ ಹೆಂಡತಿ ನಾಗರತ್ನಳ ಅಣ್ಣ ಪುಟ್ಟಸ್ವಾಮಿ ಅರಕಲಗೂಡಿನಲ್ಲಿ ಡ್ರಿಲ್ ಮೇಷ್ಟ್ರು. ಕಟ್ಟಾಯದ ಕಡೆಯ ಬೇಸಾಯದ ಮನೆತನ. ಆ ಮನೆಯಲ್ಲಿ ನೇಗಿಲು ಬಿಟ್ಟು ಸೀಟಿ ಹಿಡಿದವರು ಇವರೊಬ್ಬರೇ. ವಯಸ್ಸಿನಲ್ಲಿ ಬರಿಗಾಲಿನಲ್ಲಿ ಆಡಿ ಜಿಲ್ಲೆಯಲ್ಲೆಲ್ಲ ಹೆಸರಾದವರು. ಎಡಗಾಲಿನ ಹೆಬ್ಬೆರಳಿನ ಉಗುರು ಒಂದು ಆಟದಲ್ಲಿ ಕಿತ್ತುಹೋದದ್ದು ಮತ್ತೆ ಬೆಳೆದಿರಲಿಲ್ಲ. ಸ್ಕೂಲಿನ ಚೆಂಡು ಹರಿದರೆ ತಾವೇ ಮೋಚಿಯ ಪಕ್ಕ ಕೂತು ಹೊಲಿಸಿ, ಒಳಗಿನ ಬ್ಲಾಡರ್ ಒಡೆದರೆ ಹಳೆಯ ಬಟ್ಟೆ ತುರುಕಿ ಆಡಿಸುತ್ತಿದ್ದರು. ಕಾಲ್ಚೆಂಡಿನ ಬಗ್ಗೆ ಬರೆಯಲು ಯೋಗ್ಯರಾದವರು ನಮ್ಮ ನೆಂಟರಲ್ಲೇ ಇದ್ದರು. ಮೊದಲ ಕಂತು ಬರೆಯಲು ಕೂತಾಗಲೇ ನಾಗರತ್ನ, “ನಮ್ಮಣ್ಣನ್ನ ಒಂದ್ ಮಾತು ಕೇಳಿದ್ರೆ ಏನು?” ಎಂದಿದ್ದಳು. ಕೇಳಬೇಕಾದರೆ ಅರಕಲಗೂಡಿಗೆ ಹೋಗಬೇಕಾಗಿತ್ತು. ಹೋಗಲು ನನಗೆ ಧೈರ್ಯವಿರಲಿಲ್ಲ.

ಯುಗಾದಿಯ ಹೊತ್ತಿಗೆ ಭಾವನಿಗೆ ಹೊಟ್ಟೆನೋವು ಕಾಣಿಸಿಕೊಂಡಿತ್ತು. ಮೈಸೂರಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಹೊಟ್ಟೆಯಲ್ಲಿ ಗಡ್ಡೆ ಇದೆ, ಕೊಯ್ದು ತೆಗೆಯುವ ಹಂತ ಮೀರಿದೆ, ಮನೆಗೆ ಕರೆದುಕೊಂಡು ಹೋಗಿ, ಬೇಕಾದ್ದು ಮಾಡಿ ಹಾಕಿ ಎಂದರು. ಬೇಕಾದ್ದು ಮಾಡಿ ಹಾಕಿ ಎಂದರೆ ಏನರ್ಥ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾಗರತ್ನ ಮೂರು ಸಲ ಹೋಗಿ ಬಂದಳು. ಪ್ರತಿಸಲವೂ ನಾನು ಒಂದೊಂದು ನೆಪ ಹೇಳಿ ಅವಳ ಚೀಲದಲ್ಲಿ ಆರು ಕಿತ್ತಳೆ ಹಾಕಿ ಕಳಿಸಿದೆ. ಸ್ಕೂಲು ತೆರೆಯುವ ಸಮಯ, ಮಕ್ಕಳ ದಾಖಲಾತಿ, ನೆಗಡಿ. ನಿಜ ಹೇಳಬೇಕೆಂದರೆ, ಆ ಮಂಚದ ಪಕ್ಕ ಕೂತು ಏನು ಮಾತಾಡಬೇಕು ಎಂಬುದೇ ನನಗೆ ತಿಳಿದಿರಲಿಲ್ಲ. ಚೆನ್ನಾಗಿರುವವರಿಗೇ ಕೆಟ್ಟದ್ದನ್ನು ಹೇಳುವ ನನ್ನಂಥವನು ಅಲ್ಲಿ ಬಾಯಿ ಬಿಟ್ಟರೆ ಏನು ಬರುತ್ತದೋ ಎಂಬ ಭಯ.

ನಾಲ್ಕನೆಯ ಕಂತಿನ ಕೊನೆಯಲ್ಲಿ ಉತ್ತರ ಕೊರಿಯಾ ಉಳಿದಿತ್ತು. ಜಾಗವೂ ಸ್ವಲ್ಪವೇ ಇತ್ತು, ನನಗೂ ಬೇಸರ ಬಂದಿತ್ತು. “ಈ ಬಡ ದೇಶದ ಬಗ್ಗೆ ಹೇಳುವುದು ಏನೂ ಇಲ್ಲ. ಆಟಗಾರರು ಕುಳ್ಳರು. ತಂದ ಪೆಟ್ಟಿಗೆಗಳ ಹಗ್ಗ ಬಿಚ್ಚದಿರುವುದು ಅವರಿಗೆ ಕ್ಷೇಮ” ಎಂದು ಎರಡು ಮೂರು ಸಾಲು ಗೀಚಿ ಕಳಿಸಿದೆ. ಪತ್ರಿಕೆ ಬಂದ ನಾಲ್ಕನೆಯ ದಿನಕ್ಕೆ ಅರಕಲಗೂಡಿನಿಂದ ಒಂದು ಕಾರ್ಡು ಬಂತು. ಅಕ್ಷರಗಳು ನಡುಗಿದ್ದವು, ಮಾತು ನಡುಗಿರಲಿಲ್ಲ. “ಮೇಷ್ಟ್ರಿಗೆ ನಮಸ್ಕಾರ. ನಿಮ್ಮ ಲೇಖನ ಓದಿದೆ. ಕೊರಿಯಾದವರು ಕುಳ್ಳರು ಎಂದು ಬರೆದಿದ್ದೀರಿ. ನಾನು ಐದಡಿ ಎರಡಂಗುಲ. ಭಾನುವಾರ ಬಂದು ಹೋಗಿ. ಕಿತ್ತಳೆ ಬೇಡ.” ನಾಗರತ್ನ ಅದನ್ನು ಓದಿ ನನ್ನ ಮುಂದೆ ಇಟ್ಟು ಒಳಗೆ ಹೋದಳು. ಹೋಗುತ್ತೀರೋ ಇಲ್ಲವೋ ಎಂದು ಕೇಳಲಿಲ್ಲ. ಕೇಳಿದ್ದರೆ ಒಂದು ನೆಪ ಹೇಳಬಹುದಾಗಿತ್ತು.

ಭಾನುವಾರ ಇಬ್ಬರೂ ಹೋದೆವು. ಬಸ್ಸಾದರೂ ಕೆಟ್ಟು ನಿಲ್ಲಲಿ ಎಂದು ನಾನು ಜೀವಮಾನದಲ್ಲಿ ಅದೊಂದೇ ಸಲ ಹಾರೈಸಿದ್ದು. ಅದು ಹತ್ತು ನಿಮಿಷ ಮೊದಲೇ ಹೋಗಿ ತಲುಪಿತು. ಭಾವ ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮೈಯಲ್ಲಿ ಮಾಂಸ ಉಳಿದಿರಲಿಲ್ಲ. ಕಣ್ಣು ಮತ್ತು ಕಿವಿ ಮಾತ್ರ ಮೊದಲಿನಷ್ಟೇ ದೊಡ್ಡವಾಗಿದ್ದವು. ನಾನು, ಈಗ ಹೇಗಿದೆ ಎಂದು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು. “ಕಾಯ್ಲೆ ಮಾತು ಬ್ಯಾಡಿ. ಅದ್ನ ಬರೋರೆಲ್ಲ ಆಡ್ತಾರೆ. ಕೊರಿಯಾದ್ದು ಯೋಳಿ” ಎಂದರು.

ಆಮೇಲೆ ಪಾಠವಾಯಿತು. ಹಾಸಿಗೆಯ ಪಕ್ಕದ ಔಷಧಿ ಸೀಸೆಗಳನ್ನೆಲ್ಲ ಕಂಬಳಿಯ ಮೇಲೆ ಒಂದು ಕಡೆ ನಿಲ್ಲಿಸಿದರು, ಅವು ಇಟಲಿಯವರು. ಅವರ ಹೆಂಡತಿ ಜಯಮ್ಮನ ಎಲೆಅಡಿಕೆ ತಟ್ಟೆಯಿಂದ ಅಡಿಕೆಗಳನ್ನು ತೆಗೆದು ಎದುರಿಗೆ ಇಟ್ಟರು, ಅವು ಕೊರಿಯಾದವರು. ಒಂದು ಮಾತ್ರೆ ಚೆಂಡಾಯಿತು. ಅಡಿಕೆಗಳು ಸೀಸೆಗಳ ಸಂದಿಯಲ್ಲಿ ನುಗ್ಗುವುದನ್ನು ಬೆರಳಿನಿಂದ ತಳ್ಳಿ ತಳ್ಳಿ ತೋರಿಸಿದರು. “ಕುಳ್ಳನಿಗೆ ನೆಲ ಅತ್ರ ಕಣ್ರೀ. ಬಿದ್ರೆ ಬಿರ್ರನೆ ಏಳ್ತಾನೆ. ಈ ಉದ್ದನವ್ರು ಬಿದ್ರೆ, ಎಲ್ಲಿ ಬಿದ್ದೆ ಅಂತ ನೋಡ್ಕೊಳ್ಳಾಕೇ ಒಂದ್ ನಿಮಿಸ ಬೇಕು” ಎಂದು ಒಂದು ಸೀಸೆಯನ್ನು ಉರುಳಿಸಿಯೂ ತೋರಿಸಿದರು. ಅದರ ಬಿರಡೆ ಸಡಿಲವಿತ್ತು. ಕಂಬಳಿಯ ಮೇಲೆಲ್ಲ ಕೆಂಪು ಔಷಧಿ ಹರಿಯಿತು. ಜಯಮ್ಮ ಬಂದು ನಮ್ಮಿಬ್ಬರನ್ನೂ ಸೇರಿಸಿ ಬೈದರು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಒಬ್ಬರು ಇನ್ನೊಬ್ಬರನ್ನು ಮೊದಲಿನಂತೆ ಬೈದದ್ದು ಅದು ಎಂದು ನಾಗರತ್ನ ಆಮೇಲೆ ಹೇಳಿದಳು.

ಹೊರಡುವಾಗ ಭಾವ ನನ್ನಿಂದ ಕಾಗದ ಪೆನ್ನು ತೆಗೆಸಿ ಒಂದು ತಿದ್ದುಪಡಿ ಹೇಳಿ ಬರೆಸಿದರು. ಉತ್ತರ ಕೊರಿಯಾದವರನ್ನು ಕೀಳಾಗಿ ಎಣಿಸಿದ್ದು ತಪ್ಪಾಯಿತು. ಒಂದು ದೊಡ್ಡ ದೇಶ ಇವರ ಕೈಯಲ್ಲಿ ಸೋತು ಮನೆಗೆ ಹೋಗಲಿದೆ. ಇಷ್ಟೇ. “ಮುಂದಿನ ವಾರಕ್ಕೆ ಆಕ್ಸಿ. ನನ್ನೆಸರು ಬ್ಯಾಡ” ಎಂದರು. ಆಗಲಿ ಎಂದೆ.

ಸೋಮವಾರ ಅದನ್ನು ನೀಟಾಗಿ ಬರೆದು ಲಕೋಟೆಗೆ ಹಾಕಿದೆ. ಅಂಚೆಪೆಟ್ಟಿಗೆಯ ಮುಂದೆ ನಿಂತಾಗ ಸ್ಟಾಫ್ ರೂಮು ಕಣ್ಣಿಗೆ ಬಂತು. ಹೋದ ವಾರ ಪೆಟ್ಟಿಗೆಯ ಹಗ್ಗ ಬಿಚ್ಚಬೇಡಿ ಎಂದವನು ಈ ವಾರ ದೊಡ್ಡ ದೇಶವನ್ನೇ ಸೋಲಿಸುತ್ತಾರೆ ಎಂದರೆ ಗಣಿತದ ಮೇಷ್ಟ್ರು ಬಿಡುತ್ತಾರೆಯೇ? ಹೆಡ್‌ಮಾಸ್ಟರು ಏನು ತಿಳಿದುಕೊಳ್ಳುತ್ತಾರೆ? ಲಕೋಟೆ ಬಿಚ್ಚಿ, ಅಲ್ಲೇ ಗೋಡೆಗೆ ಕಾಗದ ಒತ್ತಿ ಹಿಡಿದು, ದೊಡ್ಡ ದೇಶದ ಸಾಲನ್ನು ಹೊಡೆದುಹಾಕಿದೆ. ಬದಲಿಗೆ, ಉತ್ತರ ಕೊರಿಯಾದ ತಂಡವೂ ಶಕ್ತಿಮೀರಿ ಆಡಲೆಂದು ಹಾರೈಸೋಣ ಎಂದು ಬರೆದು ಪೆಟ್ಟಿಗೆಗೆ ಹಾಕಿದೆ. ಹಾರೈಕೆಗೆ ಯಾರೂ ನಗುವುದಿಲ್ಲ. ಅದು ಆ ವಾರದ ಪತ್ರಿಕೆಯಲ್ಲಿ, ಒಂದು ಹಸುವಿನ ಮಾರಾಟದ ಜಾಹೀರಾತಿನ ಕೆಳಗೆ, ತಪ್ಪಿಲ್ಲದೆ ಅಚ್ಚಾಯಿತು.

ಅದಾದ ಐದಾರು ದಿನಕ್ಕೆ ಉತ್ತರ ಕೊರಿಯಾದವರು ಇಟಲಿಯನ್ನು ಒಂದು ಗೋಲಿನಿಂದ ಸೋಲಿಸಿದರು. ಇಟಲಿಯವರು ಊರಿಗೆ ಹೊರಟರು. ಮೈಸೂರಿನ ರೈಲಿನಲ್ಲಿ ಬಂದ ಇಂಗ್ಲಿಷ್ ಪತ್ರಿಕೆಯನ್ನು ನಾನು ಪ್ಲಾಟ್‌ಫಾರಂ ಮೇಲೆ ನಿಂತೇ ಓದಿದೆ. ಎರಡನೆಯ ಸಲ ಓದಿದರೂ ಅದೇ ಇತ್ತು. ಬ್ರೆಜಿಲ್ ಕೂಡ ಸೋತು ಹೊರಬಿದ್ದಿತ್ತು. ಸ್ವಿಟ್ಜರ್ಲೆಂಡ್ ಆಡಿದ ಆಟವನ್ನೆಲ್ಲ ಸೋತಿತ್ತು. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ನನಗೆ ಕುರ್ಚಿ ಸರಿಸಿ ಕೊಟ್ಟು, ಈ ಸಲದ ಎಸ್ಸೆಸ್ಸೆಲ್ಸಿ ಫಲಿತಾಂಶದ ಬಗ್ಗೆ ತಮ್ಮ ಅಭಿಪ್ರಾಯವೇನು ಎಂದು ಕೇಳಿದರು. ಹೇಗೂ ನಕ್ಕೇ ನಕ್ಕರು. ಆ ಒಂದು ಸಾಲನ್ನು ಹೊಡೆಯದೆ ಬಿಟ್ಟಿದ್ದರೆ ಈ ದಿನ ಇಡೀ ಜಿಲ್ಲೆಯಲ್ಲಿ, ಯಾಕೆ, ಇಡೀ ದೇಶದಲ್ಲಿ, ಇದನ್ನು ಮೊದಲೇ ಹೇಳಿದ ಒಬ್ಬನೇ ಒಬ್ಬ ಮನುಷ್ಯ ಅರಕಲಗೂಡಿನ ಮಂಚದ ಮೇಲೆ ಇರುತ್ತಿದ್ದ ಎಂದು ಯೋಚಿಸುತ್ತ ನಾನು ಆ ದಿನ ಪಾಠ ಮಾಡಿದೆ. ಯಾವ ಖಂಡದ ಪಾಠವೋ ತಿಳಿಯದು.

ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ, ಆ ಪತ್ರಿಕೆಯನ್ನು ಹಿಡಿದುಕೊಂಡು ಒಬ್ಬನೇ ಅರಕಲಗೂಡಿಗೆ ಹೋದೆ. ಬಾಗಿಲಲ್ಲೇ ಜಯಮ್ಮ, “ಅಣ್ಣಯ್ಯ, ಹೋದ್ ವಾರದ ಪೇಪರ್ನ ನನ್ ಕೈಲಿ ಎರಡ್ ಸಲ ಓದಿಸಿದ್ರು. ಹಿಂದುಗಡೆ ಹಾಳೇನೂ ಹುಡುಕ್ಸುದ್ರು. ಏನೋ ಇರ್ಬೇಕಾಗಿತ್ತಂತಲ್ಲ” ಎಂದರು. ಒಳಗೆ ಭಾವನಿಗೆ ಇಟಲಿಯ ಸುದ್ದಿ ಆಗಲೇ ಮುಟ್ಟಿತ್ತು. ಪೋಸ್ಟ್‌ಮ್ಯಾನ್ ಹೇಳಿ ಹೋಗಿದ್ದ. ಆದರೂ ನನ್ನಿಂದ ಒಂದಕ್ಷರ ಬಿಡದಂತೆ ಓದಿಸಿ ಕೇಳಿದರು. ಕೇಳಿದ ಮೇಲೆ ಬಹಳ ಹೊತ್ತು ತೊಲೆಯನ್ನು ನೋಡುತ್ತ ಸಂತೋಷವಾಗಿ ಮಲಗಿದ್ದರು. ನಂತರ, “ಪ್ರೆಸ್ನೋರು ಆ ಸಾಲು ಕತ್ತರಿಸ್ಬುಟ್ರಾ?” ಎಂದು ಕೇಳಿದರು. ಜಾಗ ಇರಲಿಲ್ಲವಂತೆ ಎಂದೆ. ಹಾಸನದಲ್ಲಿ ತನ್ನ ಪಾಡಿಗೆ ಮೊಳೆ ಜೋಡಿಸುತ್ತಿದ್ದ ಬಡಪಾಯಿಯ ಮೇಲೆ ಹೊರಿಸಿಬಿಟ್ಟೆ. ಭಾವ ನನ್ನ ಮುಖವನ್ನೇ ನೋಡಿದರು. “ಆ ಎಡಿಟ್ರೂ ನಿಮ್ಮಂಗೇ ಎದರುಪುಕ್ಲ ಇರ್ಬೇಕು” ಎಂದು ಪಕ್ಕಕ್ಕೆ ಹೊರಳಿದರು.

ಅವತ್ತು ಅಲ್ಲೇ ಉಳಿದೆ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಆ ದಿನದ ಪತ್ರಿಕೆ ಬಂತು. ಉತ್ತರ ಕೊರಿಯಾಕ್ಕೂ ಪೋರ್ಚುಗಲ್ಲಿಗೂ ಆಟ ನಡೆದಿತ್ತು. ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆಯುತ್ತ ಓದಿಕೊಂಡೆ. ಮನೆ ಇನ್ನೂ ಸ್ವಲ್ಪ ದೂರ ಇದ್ದಿದ್ದರೆ ಅನ್ನಿಸಿತು. ಮಂಚದ ಪಕ್ಕ ಕೂತು ಕನ್ನಡ ಮಾಡಿ ಹೇಳತೊಡಗಿದೆ. ಆಟ ಶುರುವಾದ ಮೊದಲ ನಿಮಿಷದಲ್ಲೇ ಕೊರಿಯಾ ಒಂದು ಗೋಲು ಹಾಕಿತು. ಆಮೇಲೆ ಇನ್ನೊಂದು. ಇಪ್ಪತ್ತೈದು ನಿಮಿಷದೊಳಗೆ ಮೂರು ಗೋಲು. ಭಾವ ಎದ್ದು ಕೂತರು. ಎಡಗಾಲು ಕಂಬಳಿಯೊಳಗೆ ಅಲ್ಲಾಡುತ್ತಿತ್ತು. ನಾನು ಪತ್ರಿಕೆಯನ್ನು ಮಡಿಸಿದೆ.

“ಆಮ್ಯಾಕೆ?” ಎಂದರು.

“ಅಷ್ಟೇ ಕೊಟ್ಟಿದ್ದಾರೆ ಭಾವ.”

“ಆಟ ತೊಂಬತ್ ನಿಮಿಸ ಕಣ್ರೀ ಮೇಷ್ಟ್ರೇ.”

ಮತ್ತೆ ಬಿಚ್ಚಿ ಓದಿದೆ. ಪೋರ್ಚುಗಲ್ಲಿನವರು ಒಂದಾದ ಮೇಲೊಂದು ಐದು ಗೋಲು ಹಾಕಿದ್ದರು. ಅದರಲ್ಲಿ ನಾಲ್ಕು ಒಬ್ಬನೇ ಹಾಕಿದ್ದು. ಭಾವ ನಿಧಾನವಾಗಿ ದಿಂಬಿಗೆ ಒರಗಿದರು. ಒಲೆಯ ಮುಂದಿದ್ದ ಜಯಮ್ಮ ಕೂಡ ಏನಾಯಿತೆಂದು ತಿಳಿಯದೆ ಬಂದು ಬಾಗಿಲಲ್ಲಿ ನಿಂತರು. ಭಾವ, “ಮೂರ್ ಗೋಲ್ ಆಕುದ್ರಲ್ಲ” ಎಂದರು. ಆಮೇಲೆ, ಈಗ ಯಾವ ಯಾವ ದೇಶ ಉಳಿದುಕೊಂಡಿವೆ ಎಂದು ಕೇಳಿದರು. ಹೇಳಬೇಕಾಯಿತು. ಇಂಗ್ಲೆಂಡ್, ಪಶ್ಚಿಮ ಜರ್ಮನಿ, ರಷ್ಯಾ, ಪೋರ್ಚುಗಲ್. ನಾನು ಎಲ್ಲರಿಗಿಂತ ಮೊದಲು ಊರಿಗೆ ಕಳಿಸಿದ್ದ ನಾಲ್ಕೂ ದೇಶ ಸಾಲಾಗಿ ನಿಂತಿದ್ದವು.

ಭಾವನಿಗೆ ನಗು ಬಂತು. ನಕ್ಕರೆ ಹೊಟ್ಟೆ ನೋಯುತ್ತಿತ್ತು. ಎರಡೂ ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದುಕೊಂಡು ನಕ್ಕರು. ಸುಧಾರಿಸಿಕೊಂಡು, “ಅದಿನಾರ್ರಲ್ಲಿ ಎಷ್ಟು ಸರೀಗಾಯ್ತು?” ಎಂದರು. ಒಂದೂ ಇಲ್ಲ ಎಂದೆ. “ಅಂಗಾದ್ರೆ ನಂದೂ ಒಂದ್ ಬರದ್ಬುಡಿ” ಎಂದರು. ಏನು ಬರೆಯಬೇಕೆಂದು ನನಗೆ ಅರ್ಥವಾಗಲಿಲ್ಲ. “ಪುಟ್ಟಸ್ವಾಮಿಗೆ ಚಾನ್ಸಿಲ್ಲ ಅಂತ ಬರೀರಿ. ನೀವು ಬರದದ್ದು ಉಲ್ಟಾ ಆಯ್ತದೆ.”

ಅವರು ಹೇಳಿದ್ದು ತಮಾಷೆಗೆ. ಆದರೆ ಕೈ ಚಾಚಿ ನನ್ನ ಜೇಬಿನ ಪೆನ್ನು ಹಿಡಿದದ್ದು ತಮಾಷೆಗಲ್ಲ. ಬಾಗಿಲಲ್ಲಿದ್ದ ಜಯಮ್ಮನ ಕಡೆ ನೋಡಿದೆ. ಅವರು ಬೇಡ ಎನ್ನಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು, ಬರೆಯಿರಿ ಎಂಬಂತೆ ತಲೆ ಆಡಿಸಿದರು. ಪತ್ರಿಕೆಯ ಅಂಚಿನ ಖಾಲಿ ಜಾಗದಲ್ಲಿ, “ಅರಕಲಗೂಡಿನ ಪುಟ್ಟಸ್ವಾಮಿಯವರು ಗೆಲ್ಲುವ ಸಂಭವ ಕಾಣುವುದಿಲ್ಲ” ಎಂದು ಬರೆದೆ. ನನ್ನ ಅಕ್ಷರ ಅಷ್ಟು ಕೆಟ್ಟದ್ದೆಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಭಾವ ಅದನ್ನು ಹಿಡಿದು ಓದಿ, ಕೆಳಗೆ ಸಹಿ ಹಾಕಿಸಿಕೊಂಡು, ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡರು.

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. ಶ್ರಾವಣದ ಹೊತ್ತಿಗೆ ಭಾವ ಎದ್ದು ಓಡಾಡತೊಡಗಿದರು. ಮುದ್ದೆ ಕೇಳಿ ಹಾಕಿಸಿಕೊಂಡು ಉಂಡರು. ಸ್ವಾತಂತ್ರ್ಯ ದಿನದಂದು ಕೋಲು ಊರಿಕೊಂಡು ಸ್ಕೂಲಿನ ಮೈದಾನಕ್ಕೆ ಹೋಗಿ, ಮಕ್ಕಳ ಸಾಲು ಸೊಟ್ಟಗಿದೆಯೆಂದು ಸೀಟಿ ಊದಿದರಂತೆ. ನಾನು ಪ್ರತಿ ಭಾನುವಾರ ಹೋಗತೊಡಗಿದೆ. ನೆಪಗಳೆಲ್ಲ ಎಲ್ಲಿ ಹೋದವೋ. ಊರಲ್ಲಿ ಎದೆ ಉಬ್ಬಿಸಿಕೊಂಡು ನಡೆಯುತ್ತಿದ್ದೆ. ತಾನು ಹೇಳಿದ್ದು ಸುಳ್ಳಾಯಿತೆಂದು ಇಷ್ಟು ಜಂಬಪಟ್ಟ ಭವಿಷ್ಯಕಾರ ಇನ್ನೊಬ್ಬನಿರಲಾರ. ಗಣಿತದ ಮೇಷ್ಟ್ರು ಛೇಡಿಸಿದರೆ, ಹೌದು ಸ್ವಾಮಿ, ನನ್ನದು ಒಂದೂ ಸರಿಹೋಗುವುದಿಲ್ಲ ಎಂದು ನಾನೇ ಮೊದಲು ನಗುತ್ತಿದ್ದೆ. ಆ ಐದಾರು ವಾರ ನಾಗರತ್ನ ಅಡಿಗೆಮನೆಯಲ್ಲಿ ಹಾಡು ಹೇಳಿಕೊಳ್ಳುವುದು ಕೇಳುತ್ತಿತ್ತು.

ಗೌರಿಹಬ್ಬ ಕಳೆದ ಮರುವಾರ ಒಂದು ಮಧ್ಯಾಹ್ನ, ಐದನೆಯ ಪಿರಿಯಡ್ಡಿನಲ್ಲಿ, ಅರಕಲಗೂಡಿನ ಬಸ್ಸಿನ ಡ್ರೈವರು ತರಗತಿಯ ಬಾಗಿಲಿಗೆ ಬಂದು ನಿಂತ. ಅವನು ಭಾವನ ಹಳೆಯ ಶಿಷ್ಯ. ತಲೆಗೆ ಸುತ್ತಿದ್ದ ಟವಲು ತೆಗೆದ. ಹಿಂದಿನ ದಿನ ನೋವು ಜಾಸ್ತಿಯಾಗಿ ಮಲಗಿದವರು ಮತ್ತೆ ಎದ್ದಿರಲಿಲ್ಲ. ನಾನು ಮಕ್ಕಳಿಗೆ ಪುಸ್ತಕ ಮುಚ್ಚಿ ಎಂದೆ. ಮನೆಗೆ ಹೋಗಿ ನಾಗರತ್ನಳಿಗೆ ಏನೂ ಹೇಳಬೇಕಾಗಿ ಬರಲಿಲ್ಲ. ಅಷ್ಟು ಬೇಗ ಬಂದದ್ದನ್ನು ನೋಡಿಯೇ ಅವಳು ಕೂತುಬಿಟ್ಟಳು. ಅರಕಲಗೂಡಿನಲ್ಲಿ ಹೆಗಲು ಕೊಡಲು ಭಾವನ ಶಿಷ್ಯರೇ ಅಷ್ಟು ಜನ ಸೇರಿದ್ದರು, ಉದ್ದನವರು, ಕುಳ್ಳರು. ಎತ್ತರ ಸರಿಹೊಂದದೆ ಎರಡು ಸಲ ಹೆಗಲು ಬದಲಿಸಬೇಕಾಯಿತು. ಎಲ್ಲ ಮುಗಿದ ಮೇಲೆ ಜಯಮ್ಮ ಆ ಮಡಿಸಿದ ಪತ್ರಿಕೆಯನ್ನು ತಂದು ನನ್ನ ಕೈಗೆ ಕೊಟ್ಟರು. “ಇದು ನಿಮ್ದು ಅಣ್ಣಯ್ಯ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಆಮೇಲೆ ನಾನು ಹಾಸನದ ಪತ್ರಿಕೆಗೆ ಎರಡು ಪುಟ ಬರೆದು ಕಳಿಸಿದೆ. ಉತ್ತರ ಕೊರಿಯಾ ಒಂದು ದೊಡ್ಡ ದೇಶವನ್ನು ಸೋಲಿಸುತ್ತದೆ ಎಂದು ಮೊದಲೇ ಹೇಳಿದವರು ಪುಟ್ಟಸ್ವಾಮಿಯವರು, ಅದನ್ನು ಹೊಡೆದುಹಾಕಿದವನು ನಾನು, ಸಂಪಾದಕರ ತಪ್ಪು ಏನೂ ಇಲ್ಲ ಎಂದು ಎಲ್ಲವನ್ನೂ ಬಿಡಿಸಿ ಬರೆದಿದ್ದೆ. ಆ ವಾರ ನಿಜವಾಗಿಯೂ ಜಾಗವಿರಲಿಲ್ಲವಂತೆ. ಅರಕಲಗೂಡಿನ ಜನಪ್ರಿಯ ವ್ಯಾಯಾಮ ಶಿಕ್ಷಕರು ದೈವಾಧೀನರಾದರು ಎಂದು ಎರಡು ಸಾಲು ಬಂದಿತ್ತು. ಸಂಪಾದಕರು ಕಾಗದ ಬರೆದು ವಿಷಾದ ತಿಳಿಸಿ, ಕೆಳಗೆ, ಕಾಲ್ಚೆಂಡಿನ ಭವಿಷ್ಯ ಓದುಗರಿಗೆ ಬಹಳ ಹಿಡಿಸಿತು, ಬರುವ ಚುನಾವಣೆಯಲ್ಲಿ ಜಿಲ್ಲೆಯಲ್ಲಿ ಯಾರು ಗೆಲ್ಲುತ್ತಾರೆ ಎಂದು ಅದೇ ಧಾಟಿಯಲ್ಲಿ ಬರೆದುಕೊಡಬೇಕು ಎಂದು ಕೇಳಿಕೊಂಡಿದ್ದರು. ನಾನು ಮರುಟಪಾಲಿನಲ್ಲೇ ಕಾರ್ಡು ಹಾಕಿದೆ. ಸ್ವಾಮಿ, ಕ್ಷಮಿಸಬೇಕು, ಈಚೆಗೆ ನಾನು ಬರೆದದ್ದು ನಿಜವಾಗತೊಡಗಿದೆ, ಆದ್ದರಿಂದ ಬರೆಯುವುದನ್ನು ನಿಲ್ಲಿಸಿದ್ದೇನೆ. ಸಂಪಾದಕರು ಅದನ್ನು ಜಂಬವೆಂದು ತಿಳಿದು, ಮುಂದೆ ನನಗೆ ಪತ್ರಿಕೆ ಕಳಿಸುವುದನ್ನೇ ಬಿಟ್ಟರು.